ಹದಿಹರೆಯ: ವಯಸ್ಸಿಗಿಂತ ವರಸೆ ಮುಖ್ಯ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳುವುದು ಒಂದೇ ಮಾತು: “ಈ ವಯಸ್ಸಿಗೆ ಇದು ಸರಿಯೇ?” ವಯಸ್ಸು ಹಿಡಿದು ಹೊರಟರೆ ಉತ್ತರ ಸಿಗುವುದು ಕಷ್ಟ. ಹೆಣ್ಣುಮಕ್ಕಳಲ್ಲಿ 8ರಿಂದ 13ರೊಳಗೆ, ಗಂಡುಮಕ್ಕಳಲ್ಲಿ 9ರಿಂದ 14ರೊಳಗೆ ಯಾವಾಗ ಬೇಕಾದರೂ ಬದಲಾವಣೆ ಶುರುವಾಗಬಹುದು. ಹಾಗಾಗಿ ಒಂದೇ ಬೆಂಚಿನಲ್ಲಿ ಕೂತ 13ರ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ಮುಖದಲ್ಲಿ ಇನ್ನೂ ಹಸುಳೆತನ ಮಾಸಿರುವುದಿಲ್ಲ. ಇಬ್ಬರೂ ಆರೋಗ್ಯವಂತರೇ. ವಯಸ್ಸು ಹೀಗೆ ಹಿಂದುಮುಂದಾದರೂ ಬದಲಾವಣೆಗಳು ಬರುವ ವರಸೆ, ಅಂದರೆ ಒಂದರ ಹಿಂದೆ ಒಂದು ಬರುವ ಕ್ರಮ, ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಬ್ರಿಟನ್ನಿನ ಸಂಶೋಧಕರಾದ ಮಾರ್ಷಲ್ ಮತ್ತು ಟ್ಯಾನರ್ ಒಂದೇ ಗುಂಪಿನ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 1969 ಮತ್ತು 1970ರಲ್ಲಿ ಈ ವರಸೆಯನ್ನು ಐದು ಹಂತಗಳಾಗಿ ವಿವರಿಸಿದರು. ಮಕ್ಕಳ ವೈದ್ಯರು ಇಂದಿಗೂ ನೋಡುವುದು ಆ ಹಂತಗಳನ್ನೇ. ಕೆಳಗಿನ ಉತ್ತರಗಳಲ್ಲಿ ನಾವು ಮತ್ತೆ ಮತ್ತೆ ಅಲ್ಲಿಗೇ ಬರುತ್ತೇವೆ.

ಪ್ರಶ್ನೆ: ಮಗನಿಗೆ ಹದಿಮೂರೂವರೆ. ತರಗತಿಯಲ್ಲಿ ಅವನೇ ಗಿಡ್ಡ. ಅವನ ಓರಗೆಯ ಹುಡುಗಿಯರೆಲ್ಲ ಅವನಿಗಿಂತ ಎತ್ತರ. ಎತ್ತರ ಹೆಚ್ಚಿಸುವ ಪುಡಿ, ಮಾತ್ರೆ ಕೊಡಬಹುದೇ? – ತಾಯಿ

ಉತ್ತರ: ಪುಡಿ, ಮಾತ್ರೆ ಬೇಡ. ಮೊದಲು ಅಳತೆ ಶುರು ಮಾಡಿ.

ಹುಡುಗಿಯರಲ್ಲಿ ಎತ್ತರದ ಜಿಗಿತ ಬರುವುದು ಬದಲಾವಣೆಗಳ ಆರಂಭದಲ್ಲೇ. ಸುಮಾರು 12ರ ಹೊತ್ತಿಗೆ ಅವರು ವರ್ಷಕ್ಕೆ 8-9 ಸೆಂ.ಮೀ. ಬೆಳೆಯುತ್ತಾರೆ. ಹುಡುಗರಲ್ಲಿ ಅದು ನಡುವಿನ ಹಂತದಲ್ಲಿ, ಸುಮಾರು 14ರ ಹೊತ್ತಿಗೆ, ವರ್ಷಕ್ಕೆ 9-10 ಸೆಂ.ಮೀ. ವೇಗದಲ್ಲಿ ಬರುತ್ತದೆ. ಮೊದಲು ವೃಷಣಗಳು ದೊಡ್ಡದಾಗುತ್ತವೆ, ಆಮೇಲೆ ಗುಪ್ತಾಂಗದ ಸುತ್ತ ಕೂದಲು, ಆಮೇಲೆ ಎತ್ತರ, ಧ್ವನಿ ಒಡೆಯುವುದು, ಕೊನೆಗೆ ಗಡ್ಡ ಮೀಸೆ. ನಿಮ್ಮ ಮಗನಲ್ಲಿ ಮೊದಲಿನ ಎರಡು ಗುರುತು ಕಂಡಿದ್ದರೆ ಜಿಗಿತ ಇನ್ನೂ ಮುಂದಿದೆ ಎಂದು ಧೈರ್ಯವಾಗಿರಬಹುದು. ಇನ್ನೊಂದು ಸುಳಿವು ಚಪ್ಪಲಿ. ಪಾದ ಮತ್ತು ಅಂಗೈ ಮೊದಲು ಬೆಳೆಯುತ್ತವೆ, ಆಮೇಲೆ ಕೈಕಾಲು, ಕೊನೆಗೆ ಮುಂಡ. ಆರು ತಿಂಗಳಲ್ಲಿ ಎರಡು ಸಲ ಚಪ್ಪಲಿಯ ಅಳತೆ ಬದಲಾಯಿತು ಎಂದರೆ ಪ್ಯಾಂಟೂ ಸದ್ಯದಲ್ಲೇ ಮೋಟಾಗುತ್ತದೆ.

ಅಳೆಯುವುದು ಹೀಗೆ. ಬುಡದಲ್ಲಿ ಉಬ್ಬಿದ ಅಂಚುಪಟ್ಟಿ (ಸ್ಕರ್ಟಿಂಗ್) ಇಲ್ಲದ ಗೋಡೆ, ಗಟ್ಟಿ ನೆಲ, ಬರಿಗಾಲು. ಹಿಮ್ಮಡಿ, ಪೃಷ್ಠ, ಹೆಗಲ ಮೂಳೆ ಗೋಡೆಗೆ ತಾಗಿರಲಿ. ನೋಟ ನೇರವಾಗಿರಲಿ, ಕಣ್ಣಿನ ಕೆಳ ಅಂಚು ಮತ್ತು ಕಿವಿಯ ರಂಧ್ರ ಒಂದೇ ಮಟ್ಟದಲ್ಲಿರಬೇಕು. ದಪ್ಪ ರಟ್ಟಿನ ಪುಸ್ತಕದ ಒಂದು ಅಂಚನ್ನು ಗೋಡೆಗೆ ಒತ್ತಿ ಹಿಡಿದು, ನೆತ್ತಿಗೆ ತಾಗುವವರೆಗೆ ಇಳಿಸಿ, ಅದರ ಅಡಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಹುಡುಗನನ್ನು ಸರಿಸಿ ನೆಲದಿಂದ ಗೆರೆಯವರೆಗೆ ಟೇಪು ಹಿಡಿಯಿರಿ. ಎರಡು ಸಲ ಅಳೆಯಿರಿ. ಅರ್ಧ ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೇ ಸಲವೂ ನೋಡಿ. ಬೆಳಿಗ್ಗೆ ಅಳೆದರೆ ಪ್ರತಿ ಸಲವೂ ಬೆಳಿಗ್ಗೆಯೇ ಅಳೆಯಬೇಕು, ಏಕೆಂದರೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ದಿನವಿಡೀ ಒತ್ತಿಹೋಗಿ ಸಂಜೆಗೆ ಎತ್ತರ ಸುಮಾರು ಒಂದು ಸೆಂ.ಮೀ. ಕಡಿಮೆಯಾಗುತ್ತದೆ. ಆರು ತಿಂಗಳಿಗೊಮ್ಮೆ ಅಳೆದರೆ ಸಾಕು. ಪ್ರತಿ ವಾರ ಗೋಡೆಗೆ ನಿಲ್ಲಿಸಿದರೆ ನಿಮಗೆ ಸಿಗುವುದು ಅಳತೆಯ ತಪ್ಪು, ಹುಡುಗನಿಗೆ ಸಿಗುವುದು ಕೀಳರಿಮೆ.

ಹದಿಹರೆಯಕ್ಕೆ ಮುಂಚೆ ಮಕ್ಕಳು ವರ್ಷಕ್ಕೆ 5-6 ಸೆಂ.ಮೀ. ಬೆಳೆಯುತ್ತಾರೆ. ಜಿಗಿತಕ್ಕೆ ಸ್ವಲ್ಪ ಮೊದಲು ವೇಗ ಇನ್ನೂ ಕೊಂಚ ತಗ್ಗುತ್ತದೆ. ಅಪ್ಪ ಅಮ್ಮಂದಿರು ಗಾಬರಿಯಾಗುವುದು ಬಹಳ ಸಲ ಈ ಹೊತ್ತಿನಲ್ಲೇ. ಆದರೆ ವರ್ಷಕ್ಕೆ 4 ಸೆಂ.ಮೀ.ಗಿಂತ ಕಡಿಮೆಯಾದರೆ ಮಕ್ಕಳ ವೈದ್ಯರಿಗೆ ತೋರಿಸಿ. 14 ತುಂಬಿದರೂ ವೃಷಣ ದೊಡ್ಡದಾಗುವ ಲಕ್ಷಣ ಕಾಣದಿದ್ದರೆ ಆಗಲೂ ತೋರಿಸಿ. ಅವರು ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತಾರೆ. 14ರ ಹುಡುಗನ ಮೂಳೆ 12ರದ್ದರಂತಿದ್ದರೆ ಅವನಿಗೆ ಬೆಳೆಯಲು ಇನ್ನೂ ಸಮಯ ಉಳಿದಿದೆ ಎಂದರ್ಥ. ಇಂಥ ಹುಡುಗರ ತಂದೆಯೋ ತಾಯಿಯೋ ಕೂಡ ತಡವಾಗಿ ಬೆಳೆದವರಾಗಿರುವುದು ಸಾಮಾನ್ಯ. ಮನೆಯ ಹಿರಿಯರನ್ನು ಕೇಳಿ ನೋಡಿ.

ಕೊನೆಗೆ ಎಷ್ಟೆತ್ತರ ಆಗಬಹುದು ಎಂಬುದಕ್ಕೆ ಒಂದು ಅಂದಾಜು ಲೆಕ್ಕವಿದೆ. ತಂದೆ ತಾಯಿಯ ಎತ್ತರ ಕೂಡಿಸಿ, ಮಗನಾದರೆ 13 ಸೇರಿಸಿ, ಮಗಳಾದರೆ 13 ಕಳೆದು, ಎರಡರಿಂದ ಭಾಗಿಸಿ. ತಂದೆ 170, ತಾಯಿ 154 ಸೆಂ.ಮೀ. ಇದ್ದರೆ ಮಗನಿಗೆ 168.5 ಬರುತ್ತದೆ. ಅದರ ಆಚೀಚೆ ಎಂಟೂವರೆ ಸೆಂ.ಮೀ. ಬಿಟ್ಟುಕೊಳ್ಳಿ.

ಇನ್ನು ಪುಡಿಯ ಮಾತು. ಮೂಳೆ ಉದ್ದವಾಗುವುದು ಅದರ ತುದಿಯಲ್ಲಿರುವ ಮೆದುವಾದ ಬೆಳವಣಿಗೆಯ ಪಟ್ಟಿಯಲ್ಲಿ. ಹದಿಹರೆಯದ ಕೊನೆಗೆ ಆ ಪಟ್ಟಿ ಗಟ್ಟಿಯಾಗಿ ಮುಚ್ಚಿಹೋಗುತ್ತದೆ. ಮುಚ್ಚಿದ ಮೇಲೆ ಪುಡಿಯಾಗಲಿ, ಕಂಬಿಗೆ ಜೋತುಬೀಳುವುದಾಗಲಿ ಅದನ್ನು ತೆರೆಯಲಾರದು. ಅದನ್ನು ಮುಚ್ಚಿಸುವುದು ಹೆಣ್ಣಿನ ಹಾರ್ಮೋನು ಎನ್ನಿಸಿಕೊಂಡ ಈಸ್ಟ್ರೋಜೆನ್, ಹುಡುಗರಲ್ಲೂ ಅದೇ; ಅವರ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನಿನ ಒಂದು ಪಾಲು ದೇಹದಲ್ಲಿ ಈಸ್ಟ್ರೋಜೆನ್ ಆಗಿ ಮಾರ್ಪಡುತ್ತದೆ. ಮೈಕಟ್ಟಿಗೆಂದು ಸ್ಟೆರಾಯ್ಡ್ ಹಾರ್ಮೋನು ತೆಗೆದುಕೊಳ್ಳುವ ಹುಡುಗ ಕುಳ್ಳನಾಗಿಯೇ ಉಳಿಯಬಹುದಾದ ಕಾರಣ ಇದೇ.

ಪ್ರಶ್ನೆ: ಮಗಳಿಗೆ ಎಂಟೂವರೆ ವರ್ಷ. ಎದೆಯ ಎಡಭಾಗದಲ್ಲಿ ಮಾತ್ರ ಗಂಟು. ಮುಟ್ಟಿದರೆ ನೋವು ಅನ್ನುತ್ತಾಳೆ. ಕ್ಯಾನ್ಸರ್ ಇರಬಹುದೇ? ಆಪರೇಷನ್ ಮಾಡಿಸಬೇಕೇ? – ತಂದೆ

ಉತ್ತರ: ಗಂಟು ಸರಿಯಾಗಿ ತೊಟ್ಟಿನ ಅಡಿಯಲ್ಲೇ ಇದ್ದು, ನಾಣ್ಯದ ಹಾಗೆ ಚಪ್ಪಟೆಯಾಗಿ ದುಂಡಗಿದ್ದರೆ ಅದು ಸ್ತನದ ಮೊಗ್ಗು. ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ ಮೊದಲು ಕಾಣುವ ಗುರುತೇ ಇದು. ಒಂದು ಬದಿಯಲ್ಲಿ ಮೊದಲು ಬಂದು ಇನ್ನೊಂದು ಬದಿಯಲ್ಲಿ ಕೆಲವು ತಿಂಗಳು ಬಿಟ್ಟು ಬರುವುದು ತೀರಾ ಸಾಮಾನ್ಯ. ಅಂಗಿ ತಾಗಿದರೂ ನೋಯುತ್ತದೆ. ಮೆತ್ತನೆಯ ಹತ್ತಿ ಒಳ ಅಂಗಿ ಹಾಕಿಸಿ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಆ ಮೊಗ್ಗನ್ನು ಕತ್ತರಿಸಿ ತೆಗೆಸಬಾರದು. ಪರೀಕ್ಷೆಗೆಂದು ಅದರ ತುಣುಕು ತೆಗೆಸುವುದಕ್ಕೂ ಅವಸರ ಮಾಡಬಾರದು. ಮುಂದೆ ಇಡೀ ಸ್ತನವಾಗಿ ಬೆಳೆಯಬೇಕಾದ ಅಂಗಾಂಶ ಆ ನಾಣ್ಯದಷ್ಟೇ. ಅದು ಹೋದರೆ ಆ ಬದಿಯಲ್ಲಿ ಸ್ತನ ಬೆಳೆಯುವುದೇ ಇಲ್ಲ. ಚರ್ಮ ಕೆಂಪಾಗಿ ಬಿಸಿಯಾಗಿದ್ದರೆ, ಜ್ವರ ಇದ್ದರೆ, ತೊಟ್ಟಿನಿಂದ ರಕ್ತ ಬಂದರೆ, ಅಥವಾ ಗಂಟು ತೊಟ್ಟಿನಿಂದ ದೂರದಲ್ಲಿದ್ದರೆ ಆಗ ವೈದ್ಯರು ನೋಡಲೇಬೇಕು.

8 ತುಂಬುವ ಮೊದಲೇ ಮೊಗ್ಗು ಕಂಡರೆ ತೋರಿಸಬೇಕು. ನಿಮ್ಮ ಮಗಳು ಆ ಗೆರೆ ದಾಟಿದ್ದಾಳೆ, ಆದರೂ ವೇಗದ ಮೇಲೆ ಕಣ್ಣಿಡಿ. ಐದಾರು ತಿಂಗಳಲ್ಲೇ ಸ್ತನ ಎದ್ದು ಕಾಣುವಷ್ಟು ಬೆಳೆದು, ಎತ್ತರವೂ ಏಕಾಏಕಿ ಏರಿದರೆ ಮಕ್ಕಳ ವೈದ್ಯರ ಬಳಿ ಹೋಗಿ. ಇಲ್ಲವಾದರೆ ಮೊದಲ ಮುಟ್ಟಿಗೆ ಇನ್ನೂ ಎರಡು, ಎರಡೂವರೆ ವರ್ಷ ಇರುತ್ತದೆ. ಅದಕ್ಕೆ ಆರು ತಿಂಗಳಿಂದ ಒಂದು ವರ್ಷ ಮುಂಚೆ ಒಳ ಉಡುಪಿನಲ್ಲಿ ಬಿಳಿಯ, ವಾಸನೆಯಿಲ್ಲದ ತೇವ ಕಾಣಿಸಿಕೊಳ್ಳುತ್ತದೆ. ಅದು ಸೋಂಕಲ್ಲ, ಮುನ್ಸೂಚನೆ. ಮಗಳಿಗೆ ಎಲ್ಲವನ್ನೂ ಅಷ್ಟರೊಳಗೆ ಹೇಳಿರಬೇಕು. ಶಾಲೆಯ ಚೀಲದಲ್ಲಿ ಎರಡು ಪ್ಯಾಡು, ಒಂದು ಒಳ ಉಡುಪು, ಒಂದು ಕಾಗದದ ಚೀಲ ಇರುವ ಪುಟ್ಟ ಪೊಟ್ಟಣ ಇಟ್ಟುಬಿಡಿ. ಏನೂ ಗೊತ್ತಿಲ್ಲದೆ ಮೊದಲ ಸಲ ರಕ್ತ ಕಂಡ ಮಗು, ತನಗೇನೋ ಆಗಿಹೋಯಿತು ಎಂದು ಹೆದರಿ ನಡುಗುತ್ತದೆ. ಆ ಹೆದರಿಕೆ ಯಾವ ಮಗುವಿಗೂ ಬರಬಾರದು.

ಪ್ರಶ್ನೆ: ನನಗೆ 13 ವರ್ಷ. ಮುಟ್ಟು ಶುರುವಾಗಿ ಎಂಟು ತಿಂಗಳಾಯಿತು. ಒಮ್ಮೆ 25 ದಿನಕ್ಕೆ, ಒಮ್ಮೆ 43 ದಿನಕ್ಕೆ ಆಗುತ್ತದೆ. ಮೊದಲು ನೋವಿರಲಿಲ್ಲ, ಈಗ ತುಂಬಾ ನೋವು. ಏನೋ ಕೆಟ್ಟಿದೆಯಾ? – ವಿದ್ಯಾರ್ಥಿನಿ

ಉತ್ತರ: ಏನೂ ಕೆಟ್ಟಿಲ್ಲ ಪುಟ್ಟಿ. ಮೊದಲ ಎರಡು ಮೂರು ವರ್ಷ 21ರಿಂದ 45 ದಿನಗಳ ನಡುವೆ ಯಾವಾಗ ಆದರೂ ಸರಿ. ಎಣಿಸುವುದು ರಕ್ತ ಕಂಡ ಮೊದಲ ದಿನದಿಂದ ಮುಂದಿನ ಸಲದ ಮೊದಲ ದಿನಕ್ಕೆ. ನಿಂತ ದಿನದಿಂದ ಎಣಿಸಿ ಲೆಕ್ಕ ತಪ್ಪುವವರು ಬಹಳ. ಒಂದು ಡೈರಿಯಲ್ಲಿ ದಿನಾಂಕ, ಎಷ್ಟು ದಿನ ಆಯಿತು, ದಿನಕ್ಕೆ ಎಷ್ಟು ಪ್ಯಾಡು, ಈ ಮೂರನ್ನು ಬರೆದಿಡು.

ಏರುಪೇರಾಗುವುದು ಏಕೆಂದರೆ ಅಂಡಾಶಯದಿಂದ ಪ್ರತಿ ತಿಂಗಳೂ ಅಂಡ ಬಿಡುಗಡೆಯಾಗುವುದು ಇನ್ನೂ ರೂಢಿಯಾಗಿಲ್ಲ. ಅಂಡ ಬಿಡುಗಡೆಯಾದರೆ ಮಾತ್ರ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಸಾಕಷ್ಟು ಉತ್ಪತ್ತಿಯಾಗುತ್ತದೆ, ಗರ್ಭಕೋಶದ ಒಳಪದರ ಹೊತ್ತಿಗೆ ಸರಿಯಾಗಿ ಕಳಚುತ್ತದೆ. ಅದಿಲ್ಲದ ತಿಂಗಳು ಪದರ ಸುಮ್ಮನೆ ದಪ್ಪವಾಗುತ್ತಾ ಹೋಗಿ ಯಾವಾಗಲೋ ಕಳಚಿಕೊಳ್ಳುತ್ತದೆ. ಈಗ ಬಂದಿರುವ ನೋವಿಗೂ ಇದೇ ನಂಟು. ಅಂಡ ಬಿಡುಗಡೆ ಶುರುವಾದ ಮೇಲೆ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಾಗಿ ಗರ್ಭಕೋಶದ ಸ್ನಾಯು ಹಿಂಡಿಕೊಳ್ಳುತ್ತದೆ. ಹೀಗಾಗಿ ಮೊದಲ ಮುಟ್ಟಾಗಿ ಆರೆಂಟು ತಿಂಗಳ ಮೇಲೆ ನೋವು ಶುರುವಾಗುವುದು ದೇಹ ತನ್ನ ವರಸೆಯಲ್ಲೇ ಸಾಗುತ್ತಿರುವುದರ ಗುರುತು. ಹಾಗೆಂದು ನೋವು ಸಹಿಸಿಕೊಂಡೇ ಇರಬೇಕಿಲ್ಲ. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಕಿಬ್ಬೊಟ್ಟೆಯ ಮೇಲಿಡು. ಐಬುಪ್ರೊಫೇನ್‌ನಂಥ ಮಾತ್ರೆ ಆ ಪ್ರೊಸ್ಟಾಗ್ಲಾಂಡಿನ್ ಉತ್ಪತ್ತಿಯನ್ನೇ ತಡೆಯುತ್ತದೆ. ಅದಕ್ಕೇ ನೋವು ಏರಿದ ಮೇಲೆ ನುಂಗುವುದಕ್ಕಿಂತ ಶುರುವಾಗುತ್ತಿದ್ದಂತೆ, ಊಟದ ನಂತರ ನುಂಗಿದರೆ ಹೆಚ್ಚು ಕೆಲಸ ಮಾಡುತ್ತದೆ. ಪ್ರಮಾಣವನ್ನು ಅಮ್ಮನ ಜೊತೆ ಹೋಗಿ ವೈದ್ಯರನ್ನೇ ಕೇಳು. ಉಬ್ಬಸ, ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದರೆ ಹೇಳಲು ಮರೆಯಬೇಡ.

ಪ್ಯಾಡು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸು. ಒಂದೆರಡು ಗಂಟೆಗೇ ಪ್ಯಾಡು ಪೂರ್ತಿ ನೆನೆದರೆ, ಏಳು ದಿನ ಮೀರಿದರೆ, ದೊಡ್ಡ ನಾಣ್ಯದಷ್ಟು ಹೆಪ್ಪುಗಳು ಬಿದ್ದರೆ, ಒಮ್ಮೆಯಾದರೂ 90 ದಿನ ಆಗದೇ ಹೋದರೆ, ಮಾತ್ರೆ ನುಂಗಿದರೂ ಶಾಲೆ ತಪ್ಪುವಷ್ಟು ನೋವಿದ್ದರೆ ವೈದ್ಯರಿಗೆ ತೋರಿಸು. ಮೊದಲ ಮುಟ್ಟಿನಿಂದಲೇ ವಿಪರೀತ ರಕ್ತ ಹೋಗುವ ಹುಡುಗಿಯರಲ್ಲಿ ಕೆಲವರಿಗೆ ರಕ್ತ ಹೆಪ್ಪುಗಟ್ಟುವುದರಲ್ಲೇ ಕೊರತೆ ಇರುತ್ತದೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ, ಆಗಾಗ ಮೂಗಿನಲ್ಲಿ ರಕ್ತ, ಸಣ್ಣ ಏಟಿಗೂ ದೊಡ್ಡ ಕಂದುಕಲೆ, ಇವೂ ಜೊತೆಗಿದ್ದರೆ ಅದನ್ನು ವೈದ್ಯರಿಗೆ ಹೇಳಬೇಕು.

ಪ್ರಶ್ನೆ: 14ರ ಹುಡುಗ ನಾನು. ಎದೆಯ ತೊಟ್ಟಿನ ಕೆಳಗೆ ಗಟ್ಟಿ ಗಂಟು, ಹುಡುಗಿಯರ ಹಾಗೆ ಉಬ್ಬಿದೆ. ಅಂಗಿ ಬಿಚ್ಚಲು ನಾಚಿಕೆ, ಆಟಕ್ಕೆ ಹೋಗುವುದನ್ನೇ ಬಿಟ್ಟಿದ್ದೇನೆ.

ಉತ್ತರ: ನಿನ್ನ ವಯಸ್ಸಿನ ಹುಡುಗರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಇದು ಆಗುತ್ತದೆ. ಅವರೂ ನಿನ್ನ ಹಾಗೇ ಮುಚ್ಚಿಟ್ಟುಕೊಂಡಿರುತ್ತಾರೆ, ಅದಕ್ಕೇ ನಿನಗೆ ಗೊತ್ತಾಗಿಲ್ಲ. ಟೆಸ್ಟೋಸ್ಟೆರಾನ್ ಪೂರ್ತಿ ಏರುವ ಮೊದಲು ಕೆಲಕಾಲ ಈಸ್ಟ್ರೋಜೆನ್ನಿನ ಕೈ ಮೇಲಾಗಿರುತ್ತದೆ, ಅಷ್ಟೇ. ಆರು ತಿಂಗಳಿಂದ ಎರಡು ವರ್ಷದೊಳಗೆ ಬಹುತೇಕ ಎಲ್ಲರಿಗೂ ತಾನಾಗಿ ಕರಗುತ್ತದೆ.

ಇದು ಗ್ರಂಥಿಯೋ ಬರೀ ಕೊಬ್ಬೋ ಎಂದು ತಿಳಿಯಲು ಅಂಗಾತ ಮಲಗು. ಹೆಬ್ಬೆರಳು, ತೋರುಬೆರಳನ್ನು ಎದೆಯ ಎರಡೂ ಬದಿಯಿಂದ ತೊಟ್ಟಿನ ಕಡೆಗೆ ಮೆಲ್ಲಗೆ ತಾ. ತೊಟ್ಟಿನ ಅಡಿಯಲ್ಲಿ ರಬ್ಬರಿನಂಥ ಬಿಲ್ಲೆ ಸಿಕ್ಕರೆ ಗ್ರಂಥಿ. ಏನೂ ಗಟ್ಟಿಯಾಗಿ ಸಿಗದಿದ್ದರೆ ಕೊಬ್ಬು. ಒಮ್ಮೆ ನೋಡಿದ ಮೇಲೆ ದಿನಾ ಹಿಸುಕುತ್ತಾ ಕೂರಬೇಡ, ನೋವು ಹೆಚ್ಚುತ್ತದೆ. ಎರಡು ವರ್ಷ ದಾಟಿದರೂ ಹೋಗದಿದ್ದರೆ, 4 ಸೆಂ.ಮೀ.ಗಿಂತ ದೊಡ್ಡದಾದರೆ, ದ್ರವ ಒಸರಿದರೆ ವೈದ್ಯರಿಗೆ ತೋರಿಸಬೇಕು. ಜಿಮ್ಮಿನಲ್ಲಿ ಯಾರಾದರೂ ಸ್ಟೆರಾಯ್ಡ್ ಕೊಟ್ಟಿದ್ದರೆ ಅದನ್ನೂ ಮುಚ್ಚಿಡದೆ ಹೇಳು. ಆಟ ಬಿಡಬೇಡ, ಸಡಿಲವಾದ ಕಡುಬಣ್ಣದ ಟೀಶರ್ಟ್ ಹಾಕಿಕೊಂಡು ಹೋಗು.

ಪ್ರಶ್ನೆ: ಮಗ ಚೆನ್ನಾಗಿ ಹಾಡುತ್ತಿದ್ದ. ಈಗ ಧ್ವನಿ ಒಡೆದು ಸಂಗೀತ ಬಿಡುತ್ತೇನೆ ಅನ್ನುತ್ತಾನೆ.

ಉತ್ತರ: ಧ್ವನಿಪೆಟ್ಟಿಗೆ ದೊಡ್ಡದಾಗಿ ಧ್ವನಿತಂತುಗಳು ಉದ್ದವಾಗುವಾಗ ಸ್ವರ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಸ್ನಾಯುಗಳು ಹೊಸ ಅಳತೆಗೆ ಒಗ್ಗಲು ಕೆಲವು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಬಿಡಿಸಬೇಡಿ. ಶ್ರುತಿ ಇಳಿಸಿ, ಸಲೀಸಾಗಿ ನಿಲ್ಲುವ ಸ್ವರಗಳಲ್ಲೇ ಹಾಡಲಿ. ತಾರಸ್ಥಾಯಿಗೆ ಬಲವಂತವಾಗಿ ಏರುವುದು ಸದ್ಯಕ್ಕೆ ಬೇಡ.

ಪ್ರಶ್ನೆ: ವಯಸ್ಸು 16, ಮುಖದ ತುಂಬ ಮೊಡವೆ. ದಿನಕ್ಕೆ ಐದಾರು ಸಲ ಸೋಪು ಹಾಕಿ ತೊಳೆಯುತ್ತೇನೆ. ಗೆಳತಿ ಕೊಟ್ಟ ಕ್ರೀಮು ಹಚ್ಚಿದಾಗ ಕಡಿಮೆಯಾಗಿತ್ತು, ಬಿಟ್ಟ ಮೇಲೆ ದುಪ್ಪಟ್ಟಾಯಿತು.

ಉತ್ತರ: ಹಚ್ಚುತ್ತಿದ್ದಾಗ ಇಳಿದು, ಬಿಟ್ಟಾಗ ದುಪ್ಪಟ್ಟಾಯಿತು ಅಂದರೆ ಅದರಲ್ಲಿ ಸ್ಟೆರಾಯ್ಡ್ ಇದ್ದಿರಬಹುದು. ಕೊಳವೆಯ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಎಂಬ ಹೆಸರಿದ್ದರೆ ಅದೇ. ಮತ್ತೆ ಹಚ್ಚಬೇಡ. ಅದು ಚರ್ಮವನ್ನು ತೆಳುವಾಗಿಸಿ ತಾನೇ ಮೊಡವೆ ಎಬ್ಬಿಸುತ್ತದೆ. ಬಹಳ ದಿನ ಹಚ್ಚಿದ್ದರೆ ಬಿಡಿಸುವ ಕ್ರಮವನ್ನು ಚರ್ಮವೈದ್ಯರೇ ಹೇಳಬೇಕು.

ಮೊಡವೆ ಕೊಳೆಯಿಂದ ಬರುವುದಿಲ್ಲ. ಹಾರ್ಮೋನಿನಿಂದ ಎಣ್ಣೆಗ್ರಂಥಿಗಳು ಚುರುಕಾಗುತ್ತವೆ, ಸತ್ತ ಜೀವಕೋಶಗಳು ರಂಧ್ರದ ಬಾಯಿ ಕಟ್ಟುತ್ತವೆ, ಒಳಗೆ ಬ್ಯಾಕ್ಟೀರಿಯ ಬೆಳೆದು ಉರಿಯೂತ ಆಗುತ್ತದೆ. ಐದಾರು ಸಲ ಉಜ್ಜಿದರೆ ಚರ್ಮ ಕೆರಳುತ್ತದೆ. ಸೌಮ್ಯವಾದ ಫೇಸ್‌ವಾಷಿನಿಂದ ಎರಡು ಸಲ ಸಾಕು.

ಸಾಧಾರಣ ಮೊಡವೆಗೆ ಹಚ್ಚುವ ಔಷಧಿ ಎರಡು: ಬೆಳಿಗ್ಗೆ ಬೆಂಜಾಯಿಲ್ ಪೆರಾಕ್ಸೈಡ್ 2.5%, ರಾತ್ರಿ ಅಡಾಪಲೀನ್ 0.1%. ಎರಡನ್ನೂ ಒಂದೇ ದಿನ ಶುರು ಮಾಡಬೇಡ. ಒಂದು ಒಗ್ಗಿದ ಮೇಲೆ ಇನ್ನೊಂದು. ಅಡಾಪಲೀನನ್ನು ಮುಖ ತೊಳೆದು ಇಪ್ಪತ್ತು ನಿಮಿಷ ಪೂರ್ತಿ ಒಣಗಿದ ಮೇಲೆ ಬಟಾಣಿ ಕಾಳಿನಷ್ಟು ತೆಗೆದುಕೊಂಡು, ಹಣೆ, ಎರಡು ಕೆನ್ನೆ, ಗಲ್ಲದ ಮೇಲೆ ಚುಕ್ಕೆಯಿಟ್ಟು ಹರಡು. ಇಡೀ ಮುಖಕ್ಕೆ ಅಷ್ಟೇ. ಮೊಡವೆಯ ತಲೆಯ ಮೇಲೆ ಮಾತ್ರ ಹಚ್ಚುವುದು ದೊಡ್ಡ ತಪ್ಪು, ಏಕೆಂದರೆ ಮುಂದಿನ ತಿಂಗಳ ಮೊಡವೆ ಈಗ ಬರಿಗಣ್ಣಿಗೆ ಕಾಣದ ಜಾಗದಲ್ಲಿ ಹುಟ್ಟುತ್ತಿರುತ್ತದೆ. ಮೊದಲ ಎರಡು ವಾರ ದಿನ ಬಿಟ್ಟು ದಿನ ಹಚ್ಚು. ಮುಖ ಒಣಗಿ ಸಿಪ್ಪೆ ಏಳುತ್ತದೆ, ಮೊಡವೆ ಒಮ್ಮೆ ಹೆಚ್ಚಿದಂತೆಯೂ ಕಾಣುತ್ತದೆ. ಹೆಚ್ಚಿನವರು ಕೈಬಿಡುವುದು ಅಲ್ಲೇ. ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಹಗಲು ಸನ್‌ಸ್ಕ್ರೀನ್ ಹಚ್ಚು. ಬೆಂಜಾಯಿಲ್ ಪೆರಾಕ್ಸೈಡ್ ತಾಗಿದ ದಿಂಬಿನ ಬಟ್ಟೆ, ಟವೆಲ್ಲಿನ ಬಣ್ಣ ಹೋಗುತ್ತದೆ, ಬಿಳಿಯದನ್ನು ಬಳಸು. ಆಳದ, ನೋಯುವ ಗಂಟುಗಳಿದ್ದು ಗುಳಿ ಬೀಳುತ್ತಿದ್ದರೆ ಇದಕ್ಕೆಲ್ಲ ಕಾಯದೆ ಚರ್ಮವೈದ್ಯರ ಬಳಿ ಹೋಗು. ಗುಳಿ ಬಿದ್ದ ಮೇಲೆ ಸರಿಪಡಿಸುವುದು ಕಷ್ಟ.

ಪ್ರಶ್ನೆ: ಮಗ ರಾತ್ರಿ ಹನ್ನೆರಡಾದರೂ ಮಲಗುವುದಿಲ್ಲ, ಬೆಳಿಗ್ಗೆ ಏಳುವುದಿಲ್ಲ. ಮಾತು ಕೇಳುವುದಿಲ್ಲ, ಗೆಳೆಯರ ಜೊತೆ ಸೇರಿದರೆ ಹುಚ್ಚು ಸಾಹಸ. ಸೋಮಾರಿತನವೋ, ಸಹವಾಸ ದೋಷವೋ? – ತಂದೆ

ಉತ್ತರ: ಹದಿಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ರಾತ್ರಿ ಒಂದೆರಡು ಗಂಟೆ ತಡವಾಗಿ ಏರುತ್ತದೆ. ಹತ್ತು ಗಂಟೆಗೆ ಅವನಿಗೆ ನಿಜಕ್ಕೂ ನಿದ್ದೆ ಬರುವುದಿಲ್ಲ. ಆದರೂ ಅವನಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕು. ಬೈಯುವುದರಿಂದ ಮೆಲಟೋನಿನ್ ಬೇಗ ಏರುವುದಿಲ್ಲ, ಬೆಳಕಿನಿಂದ ಅದರ ಹೊತ್ತು ಸರಿಸಬಹುದು. ಎದ್ದ ಕೂಡಲೇ ಅರ್ಧ ಗಂಟೆ ಹೊರಗಿನ ಬೆಳಕಿರಲಿ. ಮಲಗುವುದಕ್ಕೆ ಒಂದು ಗಂಟೆ ಮೊದಲು ಫೋನು ಕೋಣೆಯಿಂದ ಹೊರಗಿರಲಿ, ನಿಮ್ಮದೂ ಸೇರಿ. ಮಲಗುವ ಹೊತ್ತನ್ನು ಮೂರ್ನಾಲ್ಕು ದಿನಕ್ಕೊಮ್ಮೆ ಹದಿನೈದು ನಿಮಿಷದಂತೆ ಹಿಂದಕ್ಕೆ ತನ್ನಿ. ರಜೆಯ ದಿನ ಏಳುವುದು ಒಂದೂವರೆ ಗಂಟೆಗಿಂತ ತಡವಾದರೆ ವಾರದ ಶ್ರಮವೆಲ್ಲ ನೀರಿನಲ್ಲಿ ಹೋಮ.

ಸಾಹಸದ ಮಾತು. ಹಣೆಯ ಹಿಂದಿರುವ, ಮುಂದಾಲೋಚಿಸಿ ತಡೆಹಿಡಿಯುವ ಮೆದುಳಿನ ಭಾಗ ಪೂರ್ತಿ ಪಕ್ವವಾಗಲು ಇಪ್ಪತ್ತೈದರ ಸುಮಾರು ಆಗುತ್ತದೆ. ಖುಷಿಯ ಬೆನ್ನು ಹತ್ತಿಸುವ ಭಾಗ ಅದಕ್ಕಿಂತ ಬಹಳ ಮೊದಲೇ ಚುರುಕಾಗುತ್ತದೆ. ಮನಶ್ಶಾಸ್ತ್ರಜ್ಞರಾದ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹದಿಹರೆಯದವರು ಕಾರು ಓಡಿಸುವ ಆಟ ಆಡುವಾಗ, ಗೆಳೆಯರು ಪಕ್ಕದಲ್ಲಿದ್ದರೆ ಹೆಚ್ಚು ಅಪಾಯಕ್ಕೆ ಕೈಹಾಕಿದರು. ಒಬ್ಬನೇ ಇದ್ದಾಗ ಅವನಿಗೆ ವಿವೇಕವಿದೆ. ಆದ್ದರಿಂದ ನಿಯಮಗಳನ್ನು ಅವನು ಒಬ್ಬನೇ, ಸಮಾಧಾನದಲ್ಲಿರುವಾಗ ಮಾತಾಡಿ ಗೊತ್ತುಮಾಡಿಕೊಳ್ಳಿ. ಹೊರಗೆ ಎಡವಟ್ಟಾದರೆ ಫೋನಿನಲ್ಲಿ ಹೇಳಬೇಕಾದ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಅದು ಕಿವಿಗೆ ಬಿದ್ದ ಕ್ಷಣ ನೀವು ಹೊರಟು ಕರೆತರಬೇಕು. ಅಂದು ರಾತ್ರಿ ಒಂದು ಪ್ರಶ್ನೆಯೂ ಬೇಡ, ವಿಚಾರಣೆ ಮಾರನೆ ದಿನಕ್ಕಿರಲಿ.

ಆದರೆ ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ಇಷ್ಟದ ಆಟ, ಗೆಳೆಯರನ್ನೂ ಬಿಟ್ಟಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ. “ಸಾಯಬೇಕು ಅನ್ನಿಸುತ್ತಿದೆಯಾ?” ಎಂದು ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ.

ಪ್ರಶ್ನೆ: ನನಗೆ 15. ಕೆಲವು ಬೆಳಿಗ್ಗೆ ಒಳ ಉಡುಪು ಒದ್ದೆಯಾಗಿರುತ್ತದೆ. ಶಕ್ತಿ ಸೋರಿಹೋಗುತ್ತದಂತೆ, ನಿಜವೇ? ಹೋದ ತಿಂಗಳು ವೃಷಣದ ಒಂದು ಬದಿ ಜೋರಾಗಿ ನೋವು ಬಂದು ಒಂದು ಗಂಟೆಯಲ್ಲಿ ಹೋಯಿತು. ಮನೆಯಲ್ಲಿ ಹೇಳಿಲ್ಲ.

ಉತ್ತರ: ಒದ್ದೆಯಾಗುವುದು ಸ್ವಪ್ನಸ್ಖಲನ. ವೀರ್ಯ ಉತ್ಪತ್ತಿ ಶುರುವಾದ ಹುಡುಗರಲ್ಲಿ ಸಹಜ. ಯಾವ ಶಕ್ತಿಯೂ ಸೋರುವುದಿಲ್ಲ, ಔಷಧಿಯೂ ಬೇಡ.

ನೋವಿನ ವಿಷಯ ಹಾಗಲ್ಲ. ಅದನ್ನು ಇವತ್ತೇ ಅಪ್ಪನಿಗೋ ಅಮ್ಮನಿಗೋ ಹೇಳು. ವೃಷಣ ತನ್ನ ರಕ್ತನಾಳದ ಹುರಿಯ ಮೇಲೆ ತಿರುಚಿಕೊಂಡು ರಕ್ತ ನಿಂತುಹೋಗುವುದು 12ರಿಂದ 18ರ ಹುಡುಗರಲ್ಲೇ ಹೆಚ್ಚು. ಕೆಲವೊಮ್ಮೆ ತಿರುಚಿ, ತಾನೇ ಬಿಚ್ಚಿಕೊಳ್ಳುತ್ತದೆ. ನಿನಗೆ ಆಗಿದ್ದು ಅದೇ ಇರಬಹುದು. ಮತ್ತೆ ಬಂದಾಗ ಬಿಚ್ಚಿಕೊಳ್ಳುತ್ತದೆ ಎಂಬ ಖಾತರಿಯಿಲ್ಲ. ನೋವು ಹೋಗಿದ್ದರೂ ಈ ವಾರವೇ ಶಸ್ತ್ರವೈದ್ಯರಿಗೆ ತೋರಿಸಬೇಕು.

ಏಕಾಏಕಿ ಜೋರು ನೋವು, ವಾಕರಿಕೆ ಅಥವಾ ವಾಂತಿ, ಒಂದು ವೃಷಣ ಮೇಲಕ್ಕೆ ಎಳೆದುಕೊಂಡು ನಿಂತಿರುವುದು ಇದರ ಲಕ್ಷಣಗಳು. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಿಂದ ಬಿಡಿಸಿದರೆ ವೃಷಣ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಆಮೇಲೆ ಪ್ರತಿ ಗಂಟೆಗೂ ಅದು ಕುಗ್ಗುತ್ತದೆ. ಮತ್ತೆ ತಿರುಚದಂತೆ ಎರಡೂ ಬದಿಗೆ ಹೊಲಿಗೆ ಹಾಕಿ ನಿಲ್ಲಿಸುತ್ತಾರೆ. ತಂದೆ ತಾಯಿಯರೂ ಇದನ್ನು ಓದಿಕೊಳ್ಳಿ: ಹುಡುಗರು ನಾಚಿಕೆಗೆ “ಹೊಟ್ಟೆ ನೋವು” ಎಂದಷ್ಟೇ ಹೇಳುವುದುಂಟು. ಎಷ್ಟೋ ಸಲ ನೋವೂ ಕಿಬ್ಬೊಟ್ಟೆಯಲ್ಲೇ ಕಾಣಿಸಿಕೊಳ್ಳುತ್ತದೆ. ಹುಡುಗ ಹೊಟ್ಟೆ ಹಿಡಿದು ವಾಂತಿ ಮಾಡಿದರೆ ಕೆಳಗೂ ನೋವಿದೆಯೇ ಎಂದು ಕೇಳಿ. ಇದೆ ಎಂದರೆ, ನಡುರಾತ್ರಿಯಾದರೂ ಸರಿ, ನೋವಿನ ಮಾತ್ರೆ ಕೊಟ್ಟು ಬೆಳಗಿನವರೆಗೆ ಕಾಯದೆ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೇ ನೇರ ಹೋಗಿ.